ಎರಡು ಸೆಂಟಿಮೀಟರ್

ಗುರುವಾರ ಸಂಜೆ ಗ್ರಿಮ್ಸ್‌ಬಿಯ ನಮ್ಮ ಸಭೆಯಲ್ಲಿ
ಹನ್ನೆರಡು ಜೋಡಿ ಪಾದ ತೊಳೆದರು ಪಾದ್ರಿ.
ಎಲ್ಲವೂ ಮನೆಯಲ್ಲೇ ತೊಳೆದು ತಂದ ಪಾದಗಳು,
ಉಗುರು ಕತ್ತರಿಸಿ, ಸಾಕ್ಸಿನ ನೂಲೆಳೆ ಕೂಡ ಹೆಕ್ಕಿ ತೆಗೆದು.
ನನ್ನನ್ನೂ ಕರೆದರು. ಒಲ್ಲೆ ಎಂದೆ.
ಹಿಮ್ಮಡಿ ಒಡೆದಿದೆ, ಬೇಸಗೆಯ ಎರೆಹೊಲದ ಹಾಗೆ.
ಊರವರ ಕಾಲು ನೋಡುವುದು ನನ್ನ ಕೆಲಸ,
ನನ್ನ ಕಾಲು ಊರಿಗೆ ತೋರಿಸುವುದಲ್ಲ.

ಭಾನುವಾರ ನನ್ನ ಪಾಳಿ.
ಬೆಟಗೇರಿಯಲ್ಲಿ ಇಷ್ಟೊತ್ತಿಗೆ ಹಬ್ಬ ಅರ್ಧ ಮುಗಿದಿರುತ್ತದೆ:
ನಸುಕಿಗೆ ಗೋರಿಗಳ ಮೇಲೆ ಹಚ್ಚಿದ ಮೇಣದ ಬತ್ತಿ ಆರಿ
ಸಭೆಯವರು ಮಟನ್ನಿಗೆ ಸಾಲು ನಿಂತಿರುತ್ತಾರೆ.
ಇಲ್ಲಿ ಹಡಗುಕಟ್ಟೆಯ ಗೋಪುರ ಸೊಂಟದವರೆಗೆ ಮಂಜಿನಲ್ಲಿ.
ಕಾರಿನ ಹಿಂದೆ ಗಾಜಿನ ಬಟ್ಟೆ, ಸಲೈನು, ಕೈಗವಸು,
ಹೊಟ್ಟೆಯಲ್ಲಿ ಬರೀ ಚಹಾ.

ಮೊದಲ ಮನೆ ಕ್ಲಿಫ್ ಬ್ರ್ಯಾಟ್ಲಿ, ಎಪ್ಪತ್ತೊಂಬತ್ತು,
ಐಸ್‌ಲ್ಯಾಂಡಿನ ನೀರಲ್ಲಿ ಬಲೆ ಎಳೆದವನು.
ಈಗ ಸಕ್ಕರೆ ಕಾಯಿಲೆ ಅವನ ಬಲಗಾಲನ್ನು
ಒಂದೊಂದೇ ಬೆರಳಾಗಿ ಎಳೆದುಕೊಳ್ಳುತ್ತಿದೆ.
ಸ್ವರಗಳನ್ನೆಲ್ಲ ನುಂಗುವ ಇಂಗ್ಲಿಷ್ ಅವನದು;
ಒಂಬತ್ತು ವರ್ಷವಾಯಿತು, ನನ್ನ ಕಿವಿಗೆ ಅದು
ಬೆಟಗೇರಿಯ ಮಾತಾಗಿಯೇ ಬೀಳುತ್ತದೆ:
"ತಡಾ ಮಾಡಿದಿ. ಚರ್ಚಿಗೆ ಹೋಗಿದ್ದೇನ?"
"ಇಲ್ಲ. ನೆಟ್ಟಗ ಇಲ್ಲಿಗೇ."

ಪಟ್ಟಿ ಬಿಚ್ಚಿದೆ.
ವಾಸನೆಗೆ ಮುಖ ತಿರುಗಿಸದಿರುವುದು ಮೊದಲ ವರ್ಷ ಕಲಿತ ವಿದ್ಯೆ;
ತಿರುಗಿಸದಿರಲು ಹೆಣಗುತ್ತಿರುವುದು ರೋಗಿಗೆ ಕಾಣದಿರಬೇಕು,
ಅದನ್ನು ಇನ್ನೂ ಕಲಿಯುತ್ತಿದ್ದೇನೆ.
ಅಂಗಾಲಿನ ನಡುವೆ ತೂತು.
ಮೊಳೆಯದ್ದಲ್ಲ, ಬೂಟಿನೊಳಗೆ ಬಿದ್ದಿದ್ದ ಅಂಗಿಯ ಗುಂಡಿಯದು.
ಮೂರು ದಿನ ಅದರ ಮೇಲೆಯೇ ನಡೆದಿದ್ದ,
ಗೊತ್ತೇ ಆಗದೆ.

ಸಲಾಕೆ ಇಳಿಸಿದೆ.
ತೋಮನು ಒಂದೇ ಒಂದು ಸಲ ಗಾಯದ ಮುಂದೆ ನಿಂತು
ಜೀವಮಾನಕ್ಕೆ ಸಾಲುವಷ್ಟು ಕಂಡ.
ನಾನು ವಾರಕ್ಕೆ ನಲವತ್ತು ಗಾಯ ಮುಟ್ಟಿ
ಅಳತೆ ಬರೆದುಕೊಂಡು ಬರುತ್ತೇನೆ.
"ಎಷ್ಟು ಆಳ?"
"ಎರಡು ಸೆಂಟಿಮೀಟರ್. ಹೋದ ವಾರಕ್ಕಿಂತ ಕಮ್ಮಿ ಐತಿ."
ಕಮ್ಮಿಯಾಗಿರಲಿಲ್ಲ.
"ಸುಳ್ಳ ಹೇಳಬ್ಯಾಡ," ಎಂದ, ಸಿಟ್ಟಿಲ್ಲದೆ,
"ಆಳ ಅಳದss ಹೊಟ್ಟಿ ಹೊರಕೊಂಡಾಂವ ನಾ."

ತೊಳೆದೆ. ಬೆರಳ ಸಂದಿ ಒರೆಸಿದೆ,
ಉಳಿದ ಮೂರರ ಸಂದಿ.
ಮಂಡಿಯೂರಿದ್ದವಳು ಏಳುವಾಗ ಕಣ್ಣಿಗೆ ಕತ್ತಲೆ ಬಂದು
ಅವನ ಮೊಣಕಾಲನ್ನೇ ಹಿಡಿದುಕೊಂಡೆ.
"ಏನ ತಿಂದಿ?"
"ಚಹಾ."

ಎದ್ದ.
ಊರಬೇಡ ಎಂದು ನೂರು ಸಲ ಹೇಳಿದ ಕಾಲನ್ನು ಊರಿ,
ನಾನೀಗ ಕಟ್ಟಿದ ಬಿಳಿ ಪಟ್ಟಿಯ ಮೇಲೆ ನಿಂತು
ಮೀನು ಹುರಿದ.
ಗೆಳೆಯನೊಬ್ಬ ನಸುಕಿಗೆ ಕಟ್ಟೆಯಿಂದ ತಂದುಕೊಟ್ಟಿದ್ದಂತೆ.
ಬ್ರೆಡ್ಡನ್ನು ಕೈಯಲ್ಲೇ ಮುರಿದ;
ಚಾಕು ಸಿಗಲಿಲ್ಲ, ಅಷ್ಟೇ.
"ನಮಗ ತಿನ್ನೋ ಹಂಗಿಲ್ಲ ಕ್ಲಿಫ್. ನಿಯಮ."
"ಬಾ, ಉಣ್ಣು. ಆರತೈತಿ."

ಆಗ ಕಂಡೆ:
ಮೇಜಿನ ಮೇಲೆ ತಟ್ಟೆ ಮೊದಲಿನಿಂದಲೂ ಎರಡಿದ್ದವು.

ಉಂಡೆ. ನಡುಗುವ ಹೆಬ್ಬೆರಳಲ್ಲಿ ಅವನು ಮುಳ್ಳು ಬಿಡಿಸಿ
ನನ್ನ ಕಡೆ ಸರಿಸುತ್ತಲೇ ಇದ್ದ.
ಮಾತಾಡಲಿಲ್ಲ ಇಬ್ಬರೂ.
ಯಾರೆಂದು ಕೇಳಬೇಕಾಗಿರಲಿಲ್ಲ;
ಹೆಸರು, ಹುಟ್ಟಿದ ದಿನ, ಔಷಧಿ, ಎಲ್ಲ
ನನ್ನ ಪಟ್ಟಿಯಲ್ಲೇ ಇತ್ತಲ್ಲ.

ಕಾರಿನಲ್ಲಿ ಕೂತು ದಾಖಲೆ ತುಂಬಿದೆ.
ಆಳ ಎರಡು ಸೆಂಟಿಮೀಟರ್. ಸ್ರಾವ ಮಧ್ಯಮ. ರೋಗಿ ಗೆಲುವಾಗಿದ್ದಾರೆ.
ಮುಂದಿನ ಮನೆ ಒಂಬತ್ತೂವರೆಗೆ, ಮೂರನೇ ಮಹಡಿ, ಲಿಫ್ಟಿಲ್ಲ.
ಸಮವಸ್ತ್ರದ ಅಂಚಿಗೆ ಒಂದು ಮೀನಿನ ಹುರುಪೆ ಅಂಟಿತ್ತು,
ಕಿರುಬೆರಳ ಉಗುರಿನಷ್ಟು, ಮಂಜು ಬೆಳಕಿಗೂ ಹೊಳೆಯುವಂಥದು.
ಒರೆಸಬೇಕಿತ್ತು.

ಹಿಮ್ಮಡಿ ಚುರುಗುಟ್ಟಿತು.
ಬೂಟು ಕಳಚಿ, ಬಗ್ಗಿ ಒಳಗೆ ನೋಡಿದೆ.
ಬರಿದು. ಗುಂಡಿಯಿಲ್ಲ, ಹರಳಿಲ್ಲ,
ಉರಿ ಮಾತ್ರ.
ಉರಿಯುತ್ತದೆ ಎಂದರೆ ಜೀವ ಇದೆ,
ನಾನೇ ದಿನಾ ಮನೆಮನೆಗೆ ಹೋಗಿ
ಹೇಳುವ ಮಾತು.